ಸರಿ ಎಂದವರು ಯಾರು

6 ಮಾರ್ಚ್
ಲಂಗರು ಹಾಕಿದ ಹಡಗಿನಿಂದ

ಅಕ್ಕಾ,

ಹನ್ನೊಂದನೆಯವಳೂ ಬದುಕಿಕೊಂಡಳು. ಬಂದರಿನ ಆಸ್ಪತ್ರೆಗೆ ಹೋಗಿ ನೋಡಿಬಂದ ನಮ್ಮ ಅಡುಗೆಯವನು ಇವತ್ತು ಬೆಳಿಗ್ಗೆ ಹೇಳಿದ. "ಕಣ್ಣು ಬಿಟ್ಟಳು ಸಾರ್. ಮೊದಲು ಕೇಳಿದ್ದು ತನ್ನ ಚಪ್ಪಲಿ," ಅಂದ.

ಫೋನ್ ಮಾಡಲಿ ಅಂತ ಅಮ್ಮ ಗೊಣಗುತ್ತಿರುತ್ತಾಳೆ. ಮಾಡುವುದಿಲ್ಲ. ಫೋನಿನಲ್ಲಿ ನೀನಾಗಲಿ ನಾನಾಗಲಿ ಇನ್ನೊಬ್ಬರ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿದ್ದೇ ಇಲ್ಲ. ಇದನ್ನು ಕೊನೆಯವರೆಗೂ ಓದು.

ಮಂಗಳವಾರ ಮಧ್ಯಾಹ್ನ ಊಟದ ನಂತರದ ಪಾಳಿ ನನ್ನದು. ಹಡಗು ತುಂಬ ಬಾಳೆಕಾಯಿ. ಸಂಜೆಯ ಭರತಕ್ಕೆ, ನೀರು ಏರಿದಾಗ, ಬಂದರಿನ ಒಳಗೆ ಹೋಗಬೇಕಿತ್ತು. ಚುಕ್ಕಾಣಿ ಹಿಡಿದು ನಿಂತಿದ್ದವನು ಬಾತುಕೋಳಿ. ಅವನ ನಡಿಗೆ ನೋಡಿದರೆ ಆ ಹೆಸರು ಯಾಕೆಂದು ಕೇಳುವುದಿಲ್ಲ. ಕ್ಯಾಪ್ಟನ್ ಹಿಂದಿನ ದಿನವೆಲ್ಲ ಮಂಜಿನಲ್ಲಿ ನಿಂತೇ ಇದ್ದರು, ಆಗಷ್ಟೇ ಕೆಳಗೆ ಹೋಗಿ ಮಲಗಿದ್ದರು. ಅವರ ನಿದ್ದೆಯ ವಿಷಯ ಹಿಂದೆ ಬರೆದಿದ್ದೆನಾ? ನಿದ್ದೆಯಲ್ಲಿ ಏನು ಕೇಳಿದರೂ "ಸರಿ" ಅನ್ನುತ್ತಾರೆ. ಅಡುಗೆಯವನು ಒಮ್ಮೆ ಹಡಗಿನ ಒಳಗಿನ ಫೋನಿನಲ್ಲಿ "ಸಾರ್, ನಿಮ್ಮ ಟೋಪಿ ಸಮುದ್ರಕ್ಕೆ ಎಸೆಯಲಾ?" ಅಂತ ಕೇಳಿದ. "ಸರಿ" ಅಂತ ಬಂತು. ಅವನು ನಿಜಕ್ಕೂ ಎಸೆದ. ಆ ಜಗಳ ಇನ್ನೂ ನಡೆಯುತ್ತಿದೆ.

ಸಮುದ್ರ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕಂಡಿಲ್ಲ. ಬಲಗಡೆ ಉದ್ದಕ್ಕೆ ಮರಳದಿಣ್ಣೆ, ನೀರಿನ ಕೆಳಗೆ ಹಳದಿಯಾಗಿ ಕಾಣುತ್ತಿತ್ತು. ಅದರಾಚೆ ಒಂದು ಕಪ್ಪು ಚುಕ್ಕೆ. ದುರ್ಬೀನು ಹಿಡಿದೆ. ಮಗುಚಿದ ದೋಣಿ. ಅದರ ಸುತ್ತ ತಲೆಗಳು. ಉಪ್ಪಿನ ಗದ್ದೆಯಿಂದ ಕೆಲಸ ಮುಗಿಸಿ ಬರುತ್ತಿದ್ದವರಂತೆ, ಆಮೇಲೆ ಗೊತ್ತಾಯಿತು. ದೋಣಿ ಮುಳುಗುತ್ತಾ ಇತ್ತು. ದಿಣ್ಣೆ ಸುತ್ತಿ ಹೋದರೆ ಕತ್ತಲಾಗುತ್ತದೆ. ದಿಣ್ಣೆಯ ಮೇಲೆ ಹಾದರೆ ಕೂಡಲೇ ತಲುಪಬಹುದು, ಆದರೆ ನಮ್ಮ ಹಡಗಿಗೆ ನಾಲ್ಕು ಮಾರು ನೀರು ಬೇಕು, ಅಲ್ಲಿ ಇರುವುದು ಹೆಚ್ಚೂಕಡಿಮೆ ಅಷ್ಟೇ. ಮರಳಿಗೆ ಕಚ್ಚಿಕೊಂಡರೆ ಹಡಗು ಅಲ್ಲೇ ಮುರಿಯುತ್ತದೆ.

ಹಡಗು ತಿರುಗಿತು. ನಾನು ಫೋನ್ ಎತ್ತಿ ಕ್ಯಾಪ್ಟನ್‌ಗೆ ಹೇಳಿದೆ: "ಜನ ಇದ್ದಾರೆ, ದಿಣ್ಣೆಯ ಮೇಲೆ ಹೋಗಲಾ?" "ಸರಿ" ಅಂದರು.

ಆಮೇಲೆ ನಡೆದದ್ದನ್ನು ಹೇಳಲು ನನಗೆ ಸರಿಯಾಗಿ ಬರುವುದಿಲ್ಲ. ನೀರು ಗಾಜಿನ ಹಾಗಿತ್ತು. ಹಡಗಿನ ನೆರಳು ನಮ್ಮ ಜೊತೆಗೇ ಮರಳಿನ ಮೇಲೆ ನಡೆದು ಬರುತ್ತಿತ್ತು. ನೆರಳು ಮತ್ತು ಹಡಗು ಒಂದಕ್ಕೊಂದು ಹತ್ತಿರವಾಗುತ್ತಾ ಹೋದವು. ತಳ ಮರಳಿಗೆ ತಾಗಿದಾಗ ಸದ್ದು ಬಂತು, ಯಾರೋ ದೊಡ್ಡ ಬಟ್ಟೆಯನ್ನು ನಿಧಾನವಾಗಿ ಹರಿದ ಹಾಗೆ. ಆಗ ಪಕ್ಕದಲ್ಲಿ ಧ್ವನಿ ಕೇಳಿಸಿತು: "ನಾಲ್ಕು ಮಾರು. ನಾಲ್ಕಕ್ಕೆ ಕಡಿಮೆ. ನಾಲ್ಕು." ಕ್ಯಾಪ್ಟನ್. ಬರಿಗಾಲು, ಬನಿಯನ್. ನನ್ನನ್ನು ಏನೂ ಕೇಳಲಿಲ್ಲ. ಆಳದ ಮಾಪಕ ನೋಡಿ ಓದುತ್ತಾ ನಿಂತರು, ದಿಣ್ಣೆ ದಾಟುವವರೆಗೂ.

ಹಗ್ಗ ಎಸೆದೆವು. ಅವರೆಲ್ಲ ಸೊಂಟಕ್ಕೆ ಸೀರೆ, ಟವೆಲು, ಬೆಲ್ಟು ಏನೇನೋ ಬಿಗಿದು ಒಬ್ಬರಿಗೊಬ್ಬರು ಕಟ್ಟಿಕೊಂಡು ಒಂದೇ ಉಂಗುರದ ಹಾಗೆ ಇದ್ದರು. ಮೊದಲು ಹಗ್ಗ ಸಿಕ್ಕವನು ಅದನ್ನು ಪಕ್ಕದವಳಿಗೆ ಕೊಟ್ಟ. ಅವಳು ಪಕ್ಕದವನಿಗೆ ಕೊಟ್ಟಳು. ಅಕ್ಕಾ, ನಾನು ಸುಳ್ಳು ಹೇಳುತ್ತಿಲ್ಲ. ಆ ಹಗ್ಗ ಒಂದು ಸುತ್ತು ಪೂರ್ತಿ ಹೋಗಿ ಮೊದಲನೆಯವನ ಕೈಗೇ ವಾಪಸ್ ಬಂತು. ಯಾರೂ ಹಿಡಿದುಕೊಳ್ಳಲಿಲ್ಲ. ಬಾತುಕೋಳಿ ಚುಕ್ಕಾಣಿ ಹಿಡಿದಲ್ಲೇ ಅತ್ತುಬಿಟ್ಟ. ಆಮೇಲೆ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಮೇಲೆಳೆದುಕೊಂಡೆವು.

ಒಳ್ಳೆಯದು ಅನ್ನುವುದು ಬರಿಯ ಸ್ವಾರ್ಥದ ಇನ್ನೊಂದು ಹೆಸರು ಅಂತ ನೀನು ಹೇಳುತ್ತೀಯಲ್ಲ. ಆ ಹಗ್ಗಕ್ಕೆ ಏನು ಹೆಸರು ಕೊಡುತ್ತೀಯ?

ಭರತ ತಪ್ಪಿತು, ಬಂದರಿನ ಒಳಗೆ ನಮ್ಮ ಸರದಿಯೂ ಹೋಯಿತು. ಬಂದರಿನ ಹೊರಗೆ ಕಾಯುತ್ತಿದ್ದೇವೆ. ಬಾಳೆಕಾಯಿ ಒಟ್ಟಿಗೇ ಹಣ್ಣಾಗುತ್ತಿದೆ, ನನ್ನ ದಿಂಬಿಗೂ ಅದೇ ವಾಸನೆ.

ನಿನ್ನ ತಮ್ಮ

•

11 ಮಾರ್ಚ್

ಮೊಂಡಾ,

ಕೊನೆಯವರೆಗೂ ಓದಿದೆ. ಆಮೇಲೆ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ: "ಅಷ್ಟೊಂದು ಹಣ್ಣು ಯಾರಾದರೂ ತಿಂದರಾ?"

ನನಗೂ ಹೆಮ್ಮೆಯೇ. ಆದರೆ ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಮುಳುಗುವವರು ಹಗ್ಗವನ್ನು ಪಕ್ಕಕ್ಕೆ ಕೊಟ್ಟದ್ದು ಹಗ್ಗ ಗಟ್ಟಿಯಿದೆಯಾ ಅಂತ ಇನ್ನೊಬ್ಬರು ಮೊದಲು ನೋಡಲಿ ಎಂದಿರಬಹುದು. ಕೈ ಬಿಟ್ಟರೆ ಉಂಗುರ ಬಿಚ್ಚಿಕೊಳ್ಳುತ್ತದೆ ಅನ್ನುವ ಭಯ ಇರಬಹುದು. ನನ್ನ ಕೆಲಸ ನಿನಗೆ ಗೊತ್ತಲ್ಲ. ವಿಮೆ ಕಚೇರಿಗೆ ಬರುವ ಪ್ರತಿಯೊಬ್ಬ ಕಣ್ಣೀರು ಹಾಕುತ್ತಾನೆ, ಸುಟ್ಟ ಅಂಗಡಿಯ ಬೂದಿಯನ್ನು ನಾನು ಕೈಯಲ್ಲಿ ಮುಟ್ಟಿ ನೋಡುತ್ತೇನೆ. ಒಂದೇ ಪ್ರಶ್ನೆ ಕೇಳುತ್ತೇನೆ: ಇದರಿಂದ ಲಾಭ ಯಾರಿಗೆ? ಇಷ್ಟು ವರ್ಷದಲ್ಲಿ ಆ ಪ್ರಶ್ನೆಗೆ ಉತ್ತರ ಸಿಗದ ಕೇಸು ನನ್ನ ಮೇಜಿಗೆ ಬಂದಿಲ್ಲ.

ಇಲ್ಲಿಯ ಪತ್ರಿಕೆಯಲ್ಲಿ ನಿಮ್ಮ ಕ್ಯಾಪ್ಟನ್ ಫೋಟೋ ಬಂದಿದೆ. "ದಿಣ್ಣೆ ದಾಟಿದ ಧೀರ." ಬಂದರಿನ ಸಂಘದವರು ಸನ್ಮಾನ ಇಟ್ಟುಕೊಂಡಿದ್ದಾರಂತೆ. ನಿನ್ನ ಹೆಸರು ಎಲ್ಲೂ ಇಲ್ಲ. ಇರಲಿ, ಅದರಿಂದ ನಿನಗೆ ಒಳ್ಳೆಯದೇ. ಜೀವ ಉಳಿಸಿದ್ದಕ್ಕೆ ಯಾರೂ ನಿಮ್ಮನ್ನು ಏನೂ ಕೇಳುವುದಿಲ್ಲ. ಆದರೆ ಹಡಗನ್ನು ದಿಣ್ಣೆಯ ಮೇಲೆ ಹಾಯಿಸಲು ಹೇಳಿದ್ದು ಯಾರು ಅಂತ ಕಂಪನಿ ಕೇಳಿಯೇ ಕೇಳುತ್ತದೆ. ಕ್ಯಾಪ್ಟನ್ ಆದೇಶ ಅಂದರೆ ಫೈಲು ಅಲ್ಲಿಗೇ ಮುಚ್ಚಿತು. ನೀನೇ ಅಂದರೆ ನಿನ್ನ ಲೈಸೆನ್ಸ್ ಹೋಗುತ್ತದೆ.

ಆ "ಸರಿ" ಇನ್ನು ಯಾರ ಕಿವಿಗೆ ಬಿತ್ತು?

ಅಕ್ಕ

•

17 ಮಾರ್ಚ್

ಅಕ್ಕಾ,

ನೀನು ಹೇಳಿದ ಹಾಗೇ ಕಂಪನಿ ಕೇಳಿತು. ಕ್ಯಾಪ್ಟನ್ ನಿನ್ನೆ ಕಂಪನಿಗೆ ಹೇಳಿಕೆ ಕೊಟ್ಟಿದ್ದಾರೆ: ದಿಣ್ಣೆಯ ಮೇಲೆ ಹೋಗಲು ಆದೇಶ ಕೊಟ್ಟಿಲ್ಲ, ಫೋನ್ ಬಂದದ್ದೂ ನೆನಪಿಲ್ಲ, ನಿದ್ದೆಯಲ್ಲಿದ್ದೆ. ರೇಡಿಯೋದವನು ಬಂದು ಹೇಳಿದ. ಏಪ್ರಿಲ್‌ನಲ್ಲಿ ವಿಚಾರಣೆ. ಅಲ್ಲಿಯವರೆಗೆ ನಾನು ಪಾಳಿ ಮಾಡುವಂತಿಲ್ಲ. ಕ್ಯಾಪ್ಟನ್ ಕೂಡ ಇಳಿದು ಊರಿಗೆ ಹೊರಟರು.

ಏಣಿಯ ಹತ್ತಿರ ಸಿಕ್ಕರು. "ಬೇಜಾರಾ?" ಅಂದರು.

"ಇಲ್ಲ ಸಾರ್. ಸರಿ," ಅಂದೆ.

"ಯಾವ ಸರಿ?" ಅಂದರು. ಇಬ್ಬರಿಗೂ ನಗು ಬಂತು. ನಗಬಾರದಿತ್ತು.

ನಿಜವಾಗಿ ಬೇಜಾರಾಗಿರುವುದು ಇಂಜಿನ್ ಕೋಣೆಯ ಹಿರಿಯನಿಂದ. ಅವನು ಮಂಗಳವಾರ ಕೆಳಗೆ ಇದ್ದ. ಅವನಿಗೆ ದೋಣಿ ಕಾಣಲಿಲ್ಲ, ತಲೆ ಕಾಣಲಿಲ್ಲ, ಹಗ್ಗ ಕಾಣಲಿಲ್ಲ. ಕೇಳಿಸಿದ್ದು ಕಾಲ ಕೆಳಗೆ ಮರಳು ಉಜ್ಜುವ ಸದ್ದು ಒಂದೇ. ಮೊನ್ನೆ ಊಟದ ಮೇಜಿನಲ್ಲಿ ಎಲ್ಲರ ಎದುರಿಗೆ ಹೇಳಿದ: "ಆ ಹನ್ನೊಂದು ಜನಕ್ಕೆ ನೀನು ದೇವರು ಕಣಪ್ಪ. ನನಗೆ ಕೊಲೆಗಾರ. ಬದುಕಿದ್ದೀನಿ ಅನ್ನೋದು ಬೇರೆ ಮಾತು. ನನ್ನ ಜೀವ ಪಣಕ್ಕೆ ಇಡೋಕೆ ಮುಂಚೆ ನನ್ನನ್ನ ಕೇಳಿದ್ಯಾ?" ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಗೋಡೆಯ ಮೇಲೆ ಫೋಟೋ ಅಂಟಿಸಿಕೊಂಡಿದ್ದಾನೆ. ನಾನು ಆ ಮಧ್ಯಾಹ್ನ ಆ ಫೋಟೋ ನೆನೆಸಿಕೊಳ್ಳಲೇ ಇಲ್ಲ.

ಒಂದೇ ಕೆಲಸ ಮೇಲಿನಿಂದ ನೋಡಿದರೆ ಒಂದು, ಕೆಳಗಿನಿಂದ ನೋಡಿದರೆ ಇನ್ನೊಂದು. ನೀನು ಗೆದ್ದೆಯೇನೋ.

ಆದರೂ ಕಣ್ಣು ಮುಚ್ಚಿದರೆ ಆ ನೆರಳು ಬರುತ್ತದೆ, ಹಗ್ಗ ಬರುತ್ತದೆ. ಎಷ್ಟೋ ದೊಡ್ಡದಾದ ಏನೋ ಒಂದು ನಮ್ಮ ಪಕ್ಕದಲ್ಲೇ ಹಾದುಹೋದ ಹಾಗೆ ಅನ್ನಿಸುತ್ತದೆ.

ತಮ್ಮ

•

20 ಮಾರ್ಚ್

ಮೊಂಡಾ,

ನೆರಳು ಹಗ್ಗ ಎಲ್ಲ ಆಮೇಲೆ. ಮೊದಲು ಕೆಲಸ ಉಳಿಸಿಕೋ.

ನಾನು ಹೇಳುವುದನ್ನು ಗಮನವಿಟ್ಟು ಓದು. ನೀನು ಕೇಳಿದೆ, ಅವರು "ಸರಿ" ಅಂದರು. ನಮ್ಮ ಭಾಷೆಯಲ್ಲಿ "ಹೋಗಲಾ?" ಅಂದಾಗ "ಸರಿ" ಅಂದರೆ ಹೋಗು ಅಂತಲೇ. ಅಂಗಡಿಯಲ್ಲೂ ಅಷ್ಟೇ, ಮದುವೆ ಮಾತುಕತೆಯಲ್ಲೂ ಅಷ್ಟೇ. ನಿದ್ದೆಯಲ್ಲಿದ್ದರೋ ಎಚ್ಚರವಿದ್ದರೋ ತಿಳಿಯಲು ನಿನಗೆ ಫೋನಿನೊಳಗೆ ಕಣ್ಣಿಲ್ಲ. ಇದಿಷ್ಟನ್ನೇ ಹೇಳು. ಟೋಪಿಯ ಕಥೆ ಮಾತ್ರ ಯಾರ ಹತ್ತಿರವೂ ಎತ್ತಬೇಡ. ಅವರು ನಿದ್ದೆಯಲ್ಲಿ ಹೀಗೇ ಅನ್ನುತ್ತಾರೆಂದು ನಿನಗೆ ಮೊದಲೇ ಗೊತ್ತಿತ್ತು ಅಂತ ಅದರಿಂದ ತಿಳಿದುಬಿಡುತ್ತದೆ. ಅಡುಗೆಯವನಿಗೂ ಹೇಳು.

ಎರಡು ದಿನದಿಂದ ನನಗೆ ಬೇರೆ ಕೆಲಸ ಸಾಗಿಲ್ಲ. ಕ್ಯಾಪ್ಟನ್‌ಗೆ ಇದರಿಂದ ಲಾಭ ಏನು ಅಂತ ಹುಡುಕುತ್ತಿದ್ದೇನೆ. "ಹೌದು, ನಾನೇ ಹೇಳಿದೆ" ಅಂದಿದ್ದರೆ ಅವರಿಗೆ ಹಾರ, ನಿನಗೆ ನೆಮ್ಮದಿ, ಕಂಪನಿಗೆ ಒಳ್ಳೆಯ ಹೆಸರು. ಒಂದೇ ಒಂದು ಸುಳ್ಳಿನಿಂದ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಅದು ಬಿಟ್ಟು ನಿದ್ದೆ ಮಾಡುತ್ತಿದ್ದೆ ಅಂತ ಬರೆದುಕೊಟ್ಟು ತಾನೂ ಕೆಟ್ಟು ನಿನ್ನನ್ನೂ ಕೆಡಿಸಿದರು. ಏನೋ ಇದೆ. ನಿನ್ನ ಮೇಲೆ ಹಳೆಯ ಸಿಟ್ಟಾ? ನಿನ್ನ ಜಾಗಕ್ಕೆ ತಮ್ಮ ಕಡೆಯವರನ್ನು ತರುವ ಆಲೋಚನೆಯಾ?

ಹೆದರಬೇಡ. ಕೂಡಲೇ ಬರೆ.

ಅಕ್ಕ

•

29 ಮಾರ್ಚ್

ಮೊಂಡಾ,

ಉತ್ತರವಿಲ್ಲ. ಹೆದರಿದ್ದೀಯ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ, ಯಾಕೆ ಅಂತ ಹೇಳುತ್ತೇನೆ.

ನಿನ್ನ ಕ್ಯಾಪ್ಟನ್ ನಿನ್ನೆ ನನ್ನ ಕಚೇರಿಗೆ ಬಂದಿದ್ದರು. ಊರಿನಿಂದ ಕಂಪನಿಗೆ ಹೊರಟವರಿಗೆ ಇಲ್ಲಿ ರೈಲು ಬದಲಿಸಬೇಕಿತ್ತಂತೆ, ನನ್ನ ವಿಳಾಸ ನೀನೇ ಹಿಂದೆ ಹೇಳಿದ್ದೆಯಂತೆ. ನಾನು ದೊಡ್ಡ ಆಳನ್ನು ಊಹಿಸಿಕೊಂಡಿದ್ದೆ. ಸಣ್ಣ ಮನುಷ್ಯ. ಹೊಸ ಟೋಪಿ. ನನ್ನ ಕಪಾಟಿನಲ್ಲಿರುವ ಅರ್ಧ ಸುಟ್ಟ ಫ್ಯಾನು, ನೀರು ಕುಡಿದ ರೇಡಿಯೋ, ಒಡೆದ ಕನ್ನಡಿ ಎಲ್ಲ ನೋಡಿ, "ಇವೆಲ್ಲ ಸುಳ್ಳು ಹೇಳಿದವಾ?" ಅಂತ ಕೇಳಿದರು.

"ಕೆಲವು," ಅಂದೆ. ಕೂರಲು ಹೇಳಿ, ಕಾಫಿಯನ್ನೂ ತರಿಸದೆ ನೇರವಾಗಿ ಕೇಳಿಬಿಟ್ಟೆ. "ನಿಮಗೇನು ಲಾಭ ಇದರಿಂದ?"

"ಲಾಭಾನಾ?" ನಿಜಕ್ಕೂ ಯೋಚಿಸಿದರು. "ಇಲ್ಲ. ಸನ್ಮಾನ ರದ್ದಾಯ್ತು. ಮಲಗಿದ್ದಕ್ಕೆ ಹಾರ ಹಾಕಿಸಿಕೊಂಡರೆ ನನ್ನ ಹೆಂಡತಿ ನಗ್ತಾಳೆ, ಅಷ್ಟು ಉಳೀತು."

"ನೀವು ಎಚ್ಚರವಿದ್ದಿದ್ದರೆ ತಿರುಗಿಸುತ್ತಿದ್ದಿರಾ?"

ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಇಲ್ಲಮ್ಮ. ಸುತ್ತಿಕೊಂಡು ಹೋಗ್ತಿದ್ದೆ. ಹಡಗಿನ ಜನ ನನ್ನ ಜವಾಬ್ದಾರಿ. ಹೋಗಿ ತಲುಪುವಷ್ಟರಲ್ಲಿ ಅಲ್ಲಿ ಎಷ್ಟು ಜನ ಉಳಿದಿರ್ತಿದ್ದರೋ. ಆಗಲೂ ಎಲ್ಲರೂ ನಾನು ಮಾಡಿದ್ದು ಸರಿ ಅಂತಿದ್ದರು. ಅದನ್ನ ನೆನೆಸಿಕೊಂಡರೆ ಮೈ ನಡುಗುತ್ತೆ."

"ಹಾಗಾದರೆ ನನ್ನ ತಮ್ಮ ಮಾಡಿದ್ದು ತಪ್ಪು ಅಂತ ಬರೆದುಕೊಟ್ಟಿರಿ."

"ಯಾರು ಹೇಳಿದ್ದು? ರೇಡಿಯೋದವನಾ? ಅವನು ಯಾವತ್ತೂ ಅರ್ಧ ಸುದ್ದಿಯೇ ಹಿಡಿಯೋದು. ನಾನು ಆದೇಶ ಕೊಟ್ಟಿಲ್ಲ ಅಂತ ಬರೆದೆ. ಅದರ ಕೆಳಗೆ, ಮೇಲೆ ಬಂದು ನೋಡಿದ ಮೇಲೆ ನಿಲ್ಲಿಸುವ ಅಧಿಕಾರ ನನಗಿತ್ತು, ನಿಲ್ಲಿಸಲಿಲ್ಲ, ಆಳ ಓದಿದೆ ಅಂತಲೂ ಬರೆದೆ. ಎರಡೂ ನಡೆದದ್ದೇ ಅಲ್ವಾ?"

ನೀನು ವಾದ ಮಾಡುತ್ತಿದ್ದೆಯಂತೆ ಇವರ ಹತ್ತಿರ, ಒಳ್ಳೆಯದು ಕೆಟ್ಟದ್ದು ನಿಜವಾಗಿ ಇದೆ ಅಂತ. ಇವರು ಇಲ್ಲವೇ ಇಲ್ಲ, ಎಲ್ಲ ಮನುಷ್ಯ ತನ್ನ ಅನುಕೂಲಕ್ಕೆ ಕಟ್ಟಿಕೊಂಡದ್ದು ಅನ್ನುತ್ತಿದ್ದರಂತೆ. ನನ್ನ ಪಕ್ಷದವರು! ಈಗಲೂ ಹಾಗೇ ಅನ್ನುತ್ತೀರಾ ಅಂತ ಕೇಳಿದೆ. "ಈಗಲೂ," ಅಂದರು. ಬಾಗಿಲ ಹತ್ತಿರ ಹೋದವರು ನಿಂತರು. "ಆದರೆ ದಿಣ್ಣೆಯ ಮೇಲೆ ನೀರು ಎಷ್ಟಿತ್ತೋ ಅಷ್ಟೇ ಇತ್ತು. ನನಗೆ ಅನುಕೂಲ ಆಗಲಿ ಅಂತ ಐದು ಮಾರು ಅನ್ನೋಕೆ ಬರ್ತಿರಲಿಲ್ಲ. ಮೊನ್ನೆ ಹೇಳಿಕೆ ಬರೆಯೋವಾಗಲೂ ಹಾಗೇ ಆಯ್ತು. ಯಾಕೆ ಅಂತ ನನ್ನನ್ನ ಕೇಳಬೇಡಿ."

ಅವರು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡೆ. ನನ್ನ ಪ್ರಶ್ನೆಗೆ ಉತ್ತರ ಸಿಗದ ಕೇಸು ಬಂದೇ ಬಂತು. ಗುಡ್ಡ ಇಲ್ಲ ಅಂದುಕೊಂಡಿದ್ದ ಕಡೆ ಮಂಜು ಸರಿದು ಗುಡ್ಡ ಕಂಡ ಹಾಗೆ ಆಯಿತು. ನನಗೆ ಭಯವೇ ಆಯಿತು.

ಸಂಜೆ ನಿನ್ನ ಮೊದಲ ಪತ್ರ ಮತ್ತೆ ಓದಿದೆ, ಕೆಲಸದಲ್ಲಿ ಓದುವ ಹಾಗೆ. ನೀನು "ಹಡಗು ತಿರುಗಿತು" ಅಂತ ಬರೆದಿದ್ದೀಯ. "ತಿರುಗಿಸಿದೆ" ಅಂತ ಬರೆದಿಲ್ಲ. ಫೋನ್ ಎತ್ತಿದ್ದು ಅದರ ಮುಂದಿನ ಸಾಲಿನಲ್ಲಿ ಬರುತ್ತದೆ. ಚಿಕ್ಕಂದಿನಲ್ಲೂ ಅಷ್ಟೇ, "ಲೋಟ ಬಿತ್ತು" ಅಂದರೆ ಬೀಳಿಸಿದ್ದು ಬೇರೆಯವರು, "ಬೀಳಿಸಿದೆ" ಅಂದರೆ ನೀನು. ಈ ಒಂದು ವಿಷಯದಲ್ಲಿ ನೀನು ಯಾವತ್ತೂ ತಪ್ಪಿಲ್ಲ.

ಹಡಗು ತಿರುಗಿಸಿದ್ದು ಯಾರು?

ಅಕ್ಕ

•

4 ಏಪ್ರಿಲ್

ಅಕ್ಕಾ,

ನಿನ್ನ ಕೈಯಲ್ಲಿ ಸಿಕ್ಕ ಆ ಅಂಗಡಿಯವರನ್ನು ನೆನೆಸಿಕೊಂಡರೆ ಅಯ್ಯೋ ಅನ್ನಿಸುತ್ತದೆ.

ಹೆದರಿ ಸುಮ್ಮನಿರಲಿಲ್ಲ. ಬರೆದರೆ ಇದನ್ನೂ ಬರೆಯಬೇಕಾಗುತ್ತಿತ್ತು, ಅದು ನನ್ನೊಬ್ಬನ ಮಾತಲ್ಲ. ಈಗ ಬಾತುಕೋಳಿಯ ಒಪ್ಪಿಗೆ ಕೇಳಿ ಬರೆಯುತ್ತಿದ್ದೇನೆ.

ನಾನು ದುರ್ಬೀನಿನಲ್ಲಿ ತಲೆಗಳನ್ನು ನೋಡುತ್ತಿದ್ದೆ. ಬಾಯಿಂದ ಏನೂ ಬಂದಿರಲಿಲ್ಲ. ದೋಣಿ ದುರ್ಬೀನಿನ ಗಾಜಿನ ಒಂದು ಬದಿಗೆ ಜಾರುತ್ತಿದೆ ಅನ್ನಿಸಿತು. ನಾನೇ ವಾಲಿಸಿ ಹಿಡಿದಿರಬೇಕು ಅಂದುಕೊಂಡೆ. ದುರ್ಬೀನು ಇಳಿಸಿ ನೋಡಿದರೆ ಹಡಗಿನ ಮೂತಿಯೇ ಆ ಕಡೆ ಹೊರಳುತ್ತಿದೆ. ಬಾತುಕೋಳಿ ಮುಂದೆ ನೋಡುತ್ತಾ ನಿಂತಿದ್ದಾನೆ, ಅವನ ಕೈ ಚಕ್ರ ತಿರುಗಿಸುತ್ತಿದೆ. ಅವನಿಗೇ ಅದು ಗೊತ್ತಿಲ್ಲ ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಆಗ ಫೋನ್ ಎತ್ತಿದೆ. ನಿದ್ದೆಯ "ಸರಿ" ಯಾವುದು, ಎಚ್ಚರದ "ಸರಿ" ಯಾವುದು ಅಂತ ನನಗೆ ಚೆನ್ನಾಗಿ ಗೊತ್ತು. ಬಂದದ್ದು ನಿದ್ದೆಯದು.

ಮೊನ್ನೆ ಬಾತುಕೋಳಿಯನ್ನು ಕೇಳಿದೆ, "ಯಾಕೋ ತಿರುಗಿಸಿದೆ?"

"ನೀವು ಸರಿ ಅಂದ್ರಲ್ಲ ಸಾರ್?"

"ನಾನು ಬಾಯೇ ಬಿಟ್ಟಿಲ್ಲ."

"ಅಂದ್ರಿ ಸಾರ್. ನಂಗೆ ಕೇಳಿಸ್ತು."

"ಯಾರ ಧ್ವನಿ?"

ತಲೆ ಕೆರೆದುಕೊಂಡ. ಆಮೇಲೆ, "ಹಂಗಾದ್ರೆ ನನ್ನ ಕೈಯೇ ತಿರುಗಿಸಿದ್ದು. ವಿಚಾರಣೇಲಿ ನಾನೇ ಹೇಳ್ತೀನಿ ಬಿಡಿ," ಅಂದ. ಅವನು ಹೇಳಿದರೆ ಅವನನ್ನು ಯಾವ ಹಡಗೂ ಮತ್ತೆ ಹತ್ತಿಸಿಕೊಳ್ಳುವುದಿಲ್ಲ. ಬೇಡ ಅಂದೆ. ಜಗಳವಾಡಿದ. "ನೀವೊಬ್ಬರೇ ಹೇಳಿ ಪುಣ್ಯ ಕಟ್ಟಿಕೊಳ್ಳಬೇಕಾ?" ಅಂದ. ನೋಡು, ಇಲ್ಲಿ ನಿನಗೆ ಬೇಕಾದ ಸ್ವಾರ್ಥ ಸ್ವಲ್ಪ ಸಿಗಬಹುದು.

ನಾನು ಹೀಗೆ ಹೇಳುವವನಿದ್ದೇನೆ: ಆದೇಶ ನಾನು ಕೊಡಲಿಲ್ಲ, ಕ್ಯಾಪ್ಟನ್ ಕೊಡಲಿಲ್ಲ. ಹಡಗು ತಿರುಗುವುದನ್ನು ನಾನು ನೋಡಿದೆ, ತಡೆಯಲಿಲ್ಲ. ಪಾಳಿ ನನ್ನದು. ನೋಡಿ ತಡೆಯದಿದ್ದರೆ ಅದು ನನ್ನ ಆದೇಶವೇ. ಟೋಪಿಯ ಕಥೆಯನ್ನೂ ಹೇಳುತ್ತೇನೆ. ಸಿಟ್ಟಾಗಬೇಡ.

ಇಂಜಿನ್ ಕೋಣೆಯ ಹಿರಿಯನ ಹತ್ತಿರ ಹೋದೆ. "ನಿನ್ನನ್ನು ಕೇಳಲಿಲ್ಲ, ಕೇಳಬೇಕಿತ್ತು. ಕೇಳುವಷ್ಟು ಹೊತ್ತು ಇರಲಿಲ್ಲ. ಎರಡೂ ನಿಜ," ಅಂದೆ. ಅವನು ಕೈ ಒರೆಸಿಕೊಂಡ. "ಕೇಳಿದ್ದರೆ ಬೇಡ ಅಂತಿದ್ದೆ. ಬೇಡ ಅಂದು, ಆಮೇಲೆ ಬದುಕಿರೋವರೆಗೂ ನಿನ್ನನ್ನ ಬೈತಿದ್ದೆ, ಯಾಕೆ ನನ್ನ ಮಾತು ಕೇಳಿದೆ ಅಂತ," ಅಂದ. ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಆದರೆ ಊಟಕ್ಕೆ ಪಕ್ಕದಲ್ಲಿ ಕೂರುತ್ತಾನೆ.

ಕೊನೆಯದಾಗಿ ನಿನ್ನ ಹಗ್ಗ. ಆಸ್ಪತ್ರೆಗೆ ಹೋಗಿ ಆ ಹನ್ನೊಂದನೆಯವಳನ್ನು ಕೇಳಿದೆ. "ಯಾಕಮ್ಮ ಹಗ್ಗ ಹಿಡಿಯಲಿಲ್ಲ? ಗಟ್ಟಿ ಇದೆಯೋ ಇಲ್ಲವೋ ಅಂತಲಾ?"

"ಹಿಡಿದೆನಲ್ಲ. ಹಿಡಿದು ಕೊಟ್ಟೆ."

"ಯಾಕೆ ಕೊಟ್ಟೆ?"

ನನ್ನನ್ನು ತಲೆಕೆಟ್ಟವನ ಹಾಗೆ ನೋಡಿದಳು. "ಪಕ್ಕದಲ್ಲಿ ಅವಳಿದ್ದಳಲ್ಲ," ಅಂದಳು. ಆಮೇಲೆ, "ನಿಮ್ಮ ಹಡಗಿನಲ್ಲಿ ನನ್ನ ಚಪ್ಪಲಿ ಸಿಕ್ಕಿತಾ?"

ತಮ್ಮ

•

8 ಏಪ್ರಿಲ್

ಮೊಂಡಾ,

ಸಿಟ್ಟಾಗಿಲ್ಲ. ಟೋಪಿಯ ಕಥೆ ಹೇಳು. ಅಡುಗೆಯವನನ್ನೂ ಕರೆದುಕೊಂಡು ಬಾ, ಅವನು ಹೇಳಿದರೆ ಇನ್ನೂ ಚೆನ್ನಾಗಿರುತ್ತದೆ.

ನನ್ನ ವಾದವನ್ನು ಪೂರ್ತಿ ಬಿಟ್ಟಿದ್ದೇನೆ ಅಂದುಕೊಳ್ಳಬೇಡ. ಬಾತುಕೋಳಿಗೆ ಪುಣ್ಯ ಬೇಕು, ಕ್ಯಾಪ್ಟನ್‌ಗೆ ಹೆಂಡತಿ ನಗಬಾರದು, ನಿನಗೆ ನಿದ್ದೆ ಬರಬೇಕು. ಎಲ್ಲರಿಗೂ ಏನೋ ಒಂದು ಬೇಕು. ಆದರೆ ಸುಳ್ಳು ಹೇಳಿದರೆ ನಿದ್ದೆ ಬರುವುದಿಲ್ಲ ಅಂತ ನಿಮಗೆ ಮೂವರಿಗೂ ಬೇರೆ ಬೇರೆಯಾಗಿ ಗೊತ್ತಾದದ್ದು ಹೇಗೆ? ಅದನ್ನು ನೀವು ಕಟ್ಟಿಕೊಂಡದ್ದಾಗಿದ್ದರೆ ನಿಮ್ಮ ಅನುಕೂಲಕ್ಕೆ ಒಂದಿಷ್ಟಾದರೂ ಬಗ್ಗಬೇಕಿತ್ತು. ಬಗ್ಗುತ್ತಿಲ್ಲ. ಕಪಾಟಿನ ಆ ಸುಟ್ಟ ಫ್ಯಾನಿನ ಎದುರು ಕುಳಿತು ದಿನವೂ ಇದನ್ನೇ ಯೋಚಿಸುತ್ತೇನೆ. ಅಮ್ಮ ಎರಡು ಸಲ ಊಟಕ್ಕೆ ಕರೆದಳು, ನನಗೆ ಕೇಳಿಸಲಿಲ್ಲ. ಮೂರನೆಯ ಸಲ ಕರೆದಾಗ "ಸರಿ" ಅಂದೆನಂತೆ. ಎದ್ದು ಹೋಗಲಿಲ್ಲವಂತೆ.

ನಿನ್ನ ಹೇಳಿಕೆಯಲ್ಲಿ ಒಂದಕ್ಷರವನ್ನೂ ನಾನು ತಿದ್ದುವುದಿಲ್ಲ. ಲೈಸೆನ್ಸ್ ಹೋಗಬಹುದು. ಹೋಗುತ್ತದೆ ಅಂದುಕೊಂಡೇ ಬಾ.

ಆ ಹೆಂಗಸಿನ ಕಾಲಿನ ಅಳತೆ ಕೇಳಿ ಬರೆ.

ನಾನೂ ಅಮ್ಮನೂ ಹದಿಮೂರಕ್ಕೆ ಸಂಜೆಯ ರೈಲಿಗೆ ಬರುತ್ತೇವೆ. ಬಂದರಿಗೆ ಫೋನ್ ಮಾಡಿ ಕೇಳಿದೆ: ವಿಚಾರಣೆ ಏಪ್ರಿಲ್ 14, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ, ಬಂದರು ಕಚೇರಿಯ ಎರಡನೆಯ ಮಹಡಿಯಲ್ಲಿ. ಮೊದಲು ಚುಕ್ಕಾಣಿಯವನ ಹೇಳಿಕೆ, ನಂತರ ನಿನ್ನದು.

ಅಕ್ಕ